ಎಲೆ ಆಮೇಲೆ ಹಾಕ್ರಿ

ನೇಪಾಳ ಪರದೇಶ ಹೌದೋ ಅಲ್ಲವೋ ಎಂಬ ವಿಷಯದ ಮೇಲೆ ದೊಡ್ಡಮ್ಮನ ಅಡುಗೆಮನೆಯಲ್ಲಿ ನಡೆದ ಚರ್ಚೆಯಲ್ಲಿ ನಾನು ಸೋತೆ. ಕಾಲೇಜಿನ ಚರ್ಚಾಸ್ಪರ್ಧೆಗಳಿಂದ ಶೀಲ್ಡು ಹೊತ್ತು ತಂದವಳು, ಒಂದೇ ವಿಷಯಕ್ಕೆ ಬೆಳಿಗ್ಗೆ ಪರವಾಗಿ, ಮಧ್ಯಾಹ್ನ ವಿರೋಧವಾಗಿ ಮಾತಾಡಿ ಎರಡು ಸಲವೂ ಚಪ್ಪಾಳೆ ಹೊಡೆಸಿಕೊಂಡವಳು, ಒಲೆಯ ಮುಂದೆ ರೊಟ್ಟಿ ತಟ್ಟುತ್ತಿದ್ದ ಹೆಂಗಸಿಗೆ ಸೋತೆ. ನನ್ನ ವಾದ ಸರಳವಾಗಿತ್ತು. ಪಾಸ್‌ಪೋರ್ಟ್ ಬೇಡ, ವಿಮಾನ ಬೇಡ, ಸಮುದ್ರ ದಾಟುವುದಿಲ್ಲ. ಆದ್ದರಿಂದ ಅದು ಪರದೇಶವಲ್ಲ.

"ಅಲ್ಲಿ ರಾಜ ಅದಾನೋ ಇಲ್ಲೋ?" ಎಂದಳು ದೊಡ್ಡಮ್ಮ, ರೊಟ್ಟಿ ಮಗುಚುತ್ತಾ.

"ಇದ್ದಾನೆ. ಆದರೆ..."

"ನಮ್ಮಲ್ಲಿ ಅದಾನೋ?"

"ಇಲ್ಲ. ಆದರೆ ದೊಡ್ಡಮ್ಮ, ರಾಜಪ್ರಭುತ್ವ ಅನ್ನೋದು..."

"ಬ್ಯಾರೆ ರಾಜ ಅದಾನೆ ಅಂದ್ಮೇಲೆ ಬ್ಯಾರೆ ದೇಶ. ಆ ತುಪ್ಪದ ಗಿಂಡಿ ಇತ್ಲಾಗೆ ಕೊಡು."

ತೀರ್ಪುಗಾರರಿಲ್ಲದ ಚರ್ಚೆಗಳಲ್ಲಿ ಹೀಗೇ ಆಗುವುದು.

ನಮ್ಮೂರು ಚನ್ನಗಿರಿ. ಓದಿನ ನೆಪದಲ್ಲಿ ಹೊನ್ನಾಳಿಯ ದೊಡ್ಡಮ್ಮನ ಮನೆ ಸೇರಿದ್ದೆ. ಎಂಬತ್ತರ ದಶಕ ಅರ್ಧ ಕಳೆದಿತ್ತು. ನನಗೆ ಇಪ್ಪತ್ತು ತುಂಬುವುದರಲ್ಲಿತ್ತು. ದೇವರು ಇಲ್ಲವೆಂಬುದು ನನಗೆ ಅಷ್ಟರಲ್ಲಿ ಖಚಿತವಾಗಿತ್ತು. ಅಕಸ್ಮಾತ್ ಇದ್ದರೂ ವೇದಿಕೆಗೆ ಬಂದರೆ ನನ್ನ ಮುಂದೆ ನಿಲ್ಲಲಾರನೆಂಬುದು ಇನ್ನೂ ಖಚಿತವಾಗಿತ್ತು. ಅಂಥ ನನ್ನನ್ನು ಒಂದು ಭಜನಾ ಮಂಡಳಿ ಕಠ್ಮಂಡುವಿಗೆ ಕರೆದುಕೊಂಡು ಹೋಯಿತು.

ಅದು ಹೆಂಗಸರ ಮಂಡಳಿ. ಅಡಿಕೆ ಮಂಡಿಯವರ, ಕಿರಾಣಿ ಅಂಗಡಿಯವರ, ಗದ್ದೆ ಇದ್ದವರ ಮನೆಯ ಹೆಂಗಸರು ಪ್ರತಿ ಸೋಮವಾರ ಸಂಜೆ ಈಶ್ವರನ ಗುಡಿಯ ಪಡಸಾಲೆಯಲ್ಲಿ ಸೇರಿ ವಚನ, ತತ್ವಪದ ಹಾಡುತ್ತಿದ್ದರು. ಸೊಲ್ಲು ಎತ್ತುವವಳು ದೊಡ್ಡಮ್ಮ. ಅವಳು ಒಂದು ಸಾಲು ಹೇಳಿದರೆ ಉಳಿದವರು ಅದನ್ನೇ ಎರಡು ಸಲ ಹೇಳಬೇಕು. ಈ ಪದ್ಧತಿ ಅವರಿಗೆ ಎಷ್ಟು ಮೈಗೂಡಿತ್ತೆಂದರೆ, ಅವಳು ರಾಗದಲ್ಲಿ ಏನು ಅಂದರೂ ಹಿಂದಿನವರು ಯೋಚಿಸದೆ ಹಿಡಿದುಬಿಡುತ್ತಿದ್ದರು. ಒಂದು ಸೋಮವಾರ ಹಾಡಿನ ನಡುವೆ ಪ್ರಸಾದದ ಕಡಲೆಗೆ ಆಡು ಬಾಯಿ ಹಾಕಿದ್ದು ಕಂಡು ದೊಡ್ಡಮ್ಮ ಲಯ ಬಿಡದೆ "ಆಡು ಬಂತು ನೋಡ್ರೇ" ಎಂದಳು. ಇಡೀ ಮಂಡಳಿ ಕಣ್ಣು ಮುಚ್ಚಿಕೊಂಡು, ತಾಳ ತಟ್ಟುತ್ತಾ, ಆಡು ಬಂದದ್ದನ್ನು ಎರಡು ಸಲ ಹಾಡಿತು. ಆಡು ಕಡಲೆ ಮುಗಿಸಿಕೊಂಡು ಹೋಯಿತು. ಭಕ್ತಿಯಲ್ಲಿ ವಿಚಾರಶಕ್ತಿಯ ಸ್ಥಾನ ಎಂಬ ವಿಷಯಕ್ಕೆ ನಾನು ಮುಂದೆ ಎಲ್ಲ ಸ್ಪರ್ಧೆಗಳಲ್ಲೂ ಈ ಆಡನ್ನೇ ಎಳೆದು ತರುತ್ತಿದ್ದೆ.

ನಾನೂ ಒಮ್ಮೆ ಹಿಂದಿನ ಸಾಲಿನಲ್ಲಿ ಕೂತು ದನಿ ಸೇರಿಸಿದ್ದೆ, ಅಧ್ಯಯನದ ದೃಷ್ಟಿಯಿಂದ. ದೊಡ್ಡಮ್ಮ ಹಾಡು ನಿಲ್ಲಿಸಿ ತಿರುಗಿದಳು. "ಯಾರದು ಟ್ರಾನ್ಸ್‌ಫಾರ್ಮರ್ ಗುಂಯ್ ಅಂದಂಗೆ ಅಂತಿರೋದು?" ನಾನೇ ಎಂದು ಗೊತ್ತಾದ ಮೇಲೆ ಒಬ್ಬಳನ್ನೇ ಹಾಡಿಸಿ ನೋಡಿದಳು. ತೀರ್ಮಾನ ಅಲ್ಲೇ ಹೊರಬಿತ್ತು. "ನಿಂದು ಒಂದೇ ಸ್ವರದ ಮನೆ ತಾಯಿ. ಏರಂಗಿಲ್ಲ, ಇಳಿಯಂಗಿಲ್ಲ. ಕುಂದ್ರು, ಆದ್ರೆ ತುಟಿ ಅಷ್ಟೇ ಆಡ್ಸು." ಸಂಗೀತದಲ್ಲಿ ಏರಿಳಿತ ಎಂಬುದು ಕೇವಲ ರೂಢಿ ಎಂದು ನಾನು ವಾದಿಸಿದೆ. ಹಾರ್ಮೋನಿಯಂ ನುಡಿಸುವ ಅತ್ತೆ ಅಷ್ಟು ನಕ್ಕಿದ್ದನ್ನು ನಾನು ಅದಕ್ಕೆ ಮೊದಲು ನೋಡಿರಲಿಲ್ಲ.

ಈ ಅತ್ತೆ ದೊಡ್ಡಮ್ಮನ ನಾದಿನಿಯ ವಾರಗಿತ್ತಿ. ಸಂಬಂಧ ಬಿಡಿಸಿ ಹೇಳುವುದು ಕಷ್ಟ, ಅದಕ್ಕೇ ಊರಿಗೆಲ್ಲ ಅತ್ತೆ. ತವರು ಜಗಳೂರು. ಮದುವೆಗೆ ಮುಂಚೆ ಅಣ್ಣ ಹಾರ್ಮೋನಿಯಂ ಕಲಿಸುವಾಗ ಒತ್ತಬೇಕಾದ ಮನೆಗಳ ಮೇಲೆ ಕುಂಕುಮದ ಬೊಟ್ಟು ಇಟ್ಟುಕೊಟ್ಟಿದ್ದನಂತೆ. ಅವತ್ತಿನಿಂದ ಅತ್ತೆ ಆ ಬೊಟ್ಟು ಬಿಟ್ಟು ಬೇರೆ ಕಡೆ ಬೆರಳಿಟ್ಟವರಲ್ಲ. ಬೊಟ್ಟು ಮಾಸಿದರೆ ಶುಕ್ರವಾರ ಮತ್ತೆ ಇಡುವುದು. ಮಂಡಳಿಯ ಎಲ್ಲ ಹಾಡೂ ಅದೊಂದೇ ಶ್ರುತಿಯಲ್ಲಿ.

ಆದರೆ ಈ ಮಂಡಳಿಗೆ ಕೇಳುವವರು ಇರಲಿಲ್ಲ. ಮದುವೆ, ಗೃಹಪ್ರವೇಶ, ಮಠದ ಕಾರ್ಯಕ್ರಮ, ಎಲ್ಲಕ್ಕೂ ಕರೆಯುತ್ತಿದ್ದರು. ಹಾಡಿಸುತ್ತಿದ್ದುದು ಮಾತ್ರ ಊಟಕ್ಕೆ ಎಲೆ ಹಾಕುವ ಹೊತ್ತಿನಲ್ಲಿ. ಗಂಡಸರ ಭಜನೆ ಮುಗಿದು, ಭಾಷಣ ಮುಗಿದು, ಜನ ಎದ್ದು ಪಂಕ್ತಿ ಹಿಡಿಯಲು ಓಡುವಾಗ ಮೈಕು ಹೆಂಗಸರ ಕೈಗೆ ಬರುತ್ತಿತ್ತು. ದೊಡ್ಡಮ್ಮ ಸೊಲ್ಲು ಎತ್ತುತ್ತಿದ್ದಂತೆ ಎಲೆಗೆ ನೀರು ಚಿಮುಕಿಸುವ ಸದ್ದು, ಪಲ್ಯದ ಬಕೆಟ್ಟಿನ ಸದ್ದು, "ಇಲ್ಲೊಂದ್ ಎಲೆ ಹಾಕ್ರಿ" ಎಂಬ ಕೂಗು. ಇಪ್ಪತ್ತು ವರ್ಷ ಅವಳು ಕೋಸಂಬರಿಗೆ ಹಾಡಿದ್ದಳು.

ಹೀಗಿರುವಾಗ ನ್ಯಾಮತಿಯ ಜವಳಿ ವ್ಯಾಪಾರಿಯೊಬ್ಬರು ಬಂದು, ಕಠ್ಮಂಡುವಿನಲ್ಲಿ ಇಂಜಿನಿಯರಾಗಿರುವ ತಮ್ಮ ಅಳಿಯ ಅಲ್ಲಿನ ದಕ್ಷಿಣದವರನ್ನೆಲ್ಲ ಸೇರಿಸಿ ಒಂದು ಸಂಜೆ ಭಜನೆ ಇಟ್ಟುಕೊಳ್ಳುತ್ತಾನಂತೆ, ನೀವೇ ಬರಬೇಕಂತೆ, ಪಶುಪತಿನಾಥನ ದರ್ಶನವೂ ಆಗುತ್ತದೆ, ಕಾವಲಿಗೆ ನಾನೂ ನಮ್ಮ ಮನೆಯವರೂ ಇರುತ್ತೇವೆ ಎಂದರು. ದೊಡ್ಡಪ್ಪ ಮೂರು ದಿನ ರೈಲಿನ ಖರ್ಚು ಲೆಕ್ಕ ಹಾಕಿ, "ಹಿಂದಿ ಬರೋ ಒಬ್ರು ಜೊತಿಗಿರ್ಲಿ" ಎಂದರು. ಊರಿನಲ್ಲಿ ಹಿಂದಿ ಪರೀಕ್ಷೆ ಪಾಸಾಗಿದ್ದ ಹೆಣ್ಣುಮಗಳು ನಾನೊಬ್ಬಳೇ.

ನಾನು ಷರತ್ತು ಹಾಕಿದೆ. ನಾನು ಭಕ್ತಳಾಗಿ ಬರುವುದಿಲ್ಲ, ವೀಕ್ಷಕಳಾಗಿ ಬರುತ್ತೇನೆ. ಕೈ ಮುಗಿಯುವುದಿಲ್ಲ. ಹಾಡುವುದಿಲ್ಲ.

"ಹಾಡಂಗಿಲ್ಲ ಅಂತ ಬೇಕಾದ್ರೆ ಈಗ್ಲೇ ದೇವರ ಮುಂದೆ ಆಣೆ ಮಾಡು," ಎಂದರು ಅತ್ತೆ. ಅಷ್ಟು ಬೇಗ ಒಪ್ಪಿಕೊಂಡರೆ ಯಾರಿಗಾದರೂ ಬೇಜಾರಾಗುತ್ತದೆ.

ಹೊರಡುವ ಹಿಂದಿನ ದಿನ ದೊಡ್ಡಮ್ಮ ನನ್ನನ್ನು ಹಿತ್ತಲಿಗೆ ಕರೆದಳು. "ಪಶುಪತಿನಾಥ ದೊಡ್ಡೋನು, ಇಲ್ಲ ಅನ್ನಲ್ಲ. ಆದ್ರೆ ನಾನು ಹೊಂಟಿರೋದು ಅದಕ್ಕಲ್ಲ. ಒಂದು ಸಲ, ಒಂದೇ ಒಂದು ಸಲ, ಜನ ಕುಂತ್ಕಂಡು ಕೇಳ್ಬೇಕು. ಎಲೆ ಹಾಕೋವಾಗ ಅಲ್ಲ." ವಿರೋಧಿಸುವುದಕ್ಕೆ ಅದರಲ್ಲಿ ಏನೂ ಇರಲಿಲ್ಲ.

ದಾವಣಗೆರೆಯಲ್ಲಿ ರೈಲು ಹತ್ತಿ, ಬದಲಿಸಿ, ಮತ್ತೆ ಬದಲಿಸಿ ಗೋರಖಪುರದತ್ತ ಹೋದೆವು. ಒಂದು ಜಂಕ್ಷನ್ನಿನಲ್ಲಿ ಟಿಕೆಟ್ ಕಲೆಕ್ಟರ್ ಹಾರ್ಮೋನಿಯಂ ತೋರಿಸಿ ಇದು ಲಗೇಜು ಎಂದ. ನಾನು ಪರೀಕ್ಷೆಯ ಶುದ್ಧ ಹಿಂದಿಯಲ್ಲಿ, ಅದು ವಾದ್ಯ, ವಾದ್ಯವು ವಾದಕಳ ಅಂಗ, ಅಂಗಕ್ಕೆ ಸುಂಕವುಂಟೇ ಎಂದು ಕೇಳಿದೆ. ಅವನು ತಲೆ ಕೆರೆದುಕೊಂಡ. ನಾನು ಎರಡನೆಯ ಅಂಶಕ್ಕೆ ಹೋದೆ. ಮೂರನೆಯದಕ್ಕೆ ಬರುವಷ್ಟರಲ್ಲಿ ಅವನು ಕೈಯೆತ್ತಿ, ಒಪ್ಪಿದೆ ತಾಯಿ, ನಿಮ್ಮ ರೈಲು ಹೊರಟಿದೆ ನೋಡಿ ಎಂದ. ಬೋಗಿಯ ಬಾಗಿಲಲ್ಲಿ ಅತ್ತೆ ನಿಂತು "ಗೆದ್ದಿದ್ದು ಸಾಕು, ಓಡೇ!" ಎಂದು ಕೂಗುತ್ತಿದ್ದರು. ಹಾರ್ಮೋನಿಯಂ ಮೊದಲೇ ಹತ್ತಿಯಾಗಿತ್ತು. ಹಿಂದೆ ಉಳಿಯಲಿದ್ದ ಲಗೇಜು ನಾನೊಬ್ಬಳೇ.

ಗಡಿ ದಾಟುವಾಗ ಅಲ್ಲಿನ ಗಡಿಯಾರ ನಮ್ಮದಕ್ಕಿಂತ ಕೆಲವು ನಿಮಿಷ ಮುಂದಿರುವುದನ್ನು ನ್ಯಾಮತಿಯ ವ್ಯಾಪಾರಿ ತೋರಿಸಿದರು. ಹೆಂಗಸರೆಲ್ಲ ಒಟ್ಟಿಗೆ ನನ್ನ ಕಡೆ ನೋಡಿದರು. "ಟೈಮೇ ಬ್ಯಾರೆ ಐತೆ. ಈಗೇನಂತೀಯವ್ವಾ?" ನಾನು ಕಿಟಕಿಯಾಚೆ ಹಿಮಾಲಯ ಹುಡುಕಿದೆ. ಅದೂ ಮಂಜಿನಲ್ಲಿ ಮುಖ ಮರೆಸಿಕೊಂಡಿತ್ತು.

ಕಾರ್ಯಕ್ರಮದ ದಿನ ಬೆಳಿಗ್ಗೆ ಪಶುಪತಿನಾಥನ ದರ್ಶನ. ಅದಕ್ಕೆ ಮುಂಚೆ ತಣ್ಣೀರಿನಲ್ಲಿ ತಲೆಗೆ ಸ್ನಾನ ಮಾಡಲೇಬೇಕೆಂದು ದೊಡ್ಡಮ್ಮ. ಹೊನ್ನಾಳಿಯ ಚಳಿಗೂ ಕಠ್ಮಂಡುವಿನ ಚಳಿಗೂ ಇರುವ ವ್ಯತ್ಯಾಸ, ಶೀತದ ಲಕ್ಷಣ, ಗಂಟಲಿನ ರಚನೆ ಇವನ್ನೆಲ್ಲ ನಾನು ಬಚ್ಚಲಿನ ಬಾಗಿಲಿಗೆ ನಿಂತು ವಿವರಿಸಿದೆ. ನನ್ನ ಜೀವನದ ಉತ್ತಮ ಭಾಷಣಗಳಲ್ಲಿ ಅದೊಂದು. ಒಳಗಿನಿಂದ ದೊಡ್ಡಮ್ಮ "ಮುಗೀತಾ?" ಎಂದು ಕೇಳಿ, ನನ್ನ ಮೇಲಿನ ಸಿಟ್ಟಿಗೆ ಇನ್ನೆರಡು ಬಿಂದಿಗೆ ಹೆಚ್ಚಿಗೆ ಸುರಿದುಕೊಂಡಳು. ಮಧ್ಯಾಹ್ನದ ಹೊತ್ತಿಗೆ ಅವಳ ದನಿ ಪಾತಾಳಕ್ಕೆ ಇಳಿದಿತ್ತು. ಪೂರ್ತಿ ಹೋಗಿರಲಿಲ್ಲ. ಕೆಳಗಡೆ ಎಲ್ಲೋ ದಪ್ಪಗೆ ಉಳಿದಿತ್ತು. ಆದರೆ ಕುಂಕುಮದ ಬೊಟ್ಟಿನ ತನಕ ಏರುವುದು ಸಾಧ್ಯವಿರಲಿಲ್ಲ.

"ಕೆಳಗಿನ ಮನೆ ಒತ್ತಿ ನುಡ್ಸೇ," ಎಂದಳು ದೊಡ್ಡಮ್ಮ.

"ಬೊಟ್ಟು ಇಲ್ಲೈತೆ. ನಾನು ಅಲ್ಲಿ ಹೆಂಗೆ ಒತ್ಲಿ?" ಎಂದರು ಅತ್ತೆ.

ನಾನು ಮುಂದೆ ಬಂದೆ. ಸಮಸ್ಯೆ ಇಷ್ಟೇ: ಬೊಟ್ಟು ತಪ್ಪು ಜಾಗದಲ್ಲಿದೆ. ಪರಿಹಾರ: ಬೊಟ್ಟನ್ನು ಒರೆಸಿ ಕೆಳಗೆ ಇಡುವುದು. ಒದ್ದೆ ಬಟ್ಟೆ ತೆಗೆದುಕೊಂಡದ್ದೇ ತಡ, ಅತ್ತೆ ಹಾರ್ಮೋನಿಯಮ್ಮನ್ನು ಎದೆಗವಚಿಕೊಂಡರು. "ಮುತ್ತೈದೆ ಪೆಟಿಗೆ ಕುಂಕುಮ ಒರೆಸ್ತೀಯಾ? ನಿನ್ನ ಕೈಗೆ ಏನ್ ಬಂತೇ!" ಆಯಿತು, ಒರೆಸುವುದಿಲ್ಲ, ಹೊಸದಾಗಿ ಅರಿಶಿನದ ಬೊಟ್ಟು ಇಡುತ್ತೇನೆ, ನೀವು ಕೆಂಪು ಬಿಟ್ಟು ಹಳದಿ ಒತ್ತಿ ಎಂದೆ. ಇದಕ್ಕೆ ಶಾಸ್ತ್ರದ ಅಡ್ಡಿ ಇರಲಿಲ್ಲ. ಅರಿಶಿನ ಕಲಸಿ, ಪ್ರತಿ ಕೆಂಪು ಬೊಟ್ಟಿನಿಂದ ಮೂರು ಮನೆ ಕೆಳಗೆ ಎಣಿಸಿ, ಬೆರಳಿನಲ್ಲಿ ಧಾರಾಳವಾಗಿ ಇಟ್ಟೆ. ನನ್ನ ತರ್ಕದಲ್ಲಿ ದೋಷವಿರಲಿಲ್ಲ. ಕರಿ ಮನೆಗಳನ್ನು ಲೆಕ್ಕಕ್ಕೆ ಹಿಡಿದಿರಲಿಲ್ಲ, ಅಷ್ಟೇ. ಅವು ಅಲಂಕಾರಕ್ಕೆ ಇವೆ ಎಂದುಕೊಂಡಿದ್ದೆ. ಅತ್ತೆ ಹಳದಿ ಒತ್ತಿದರು. ಘಾಟಿಯಲ್ಲಿ ಎದುರುಬದುರಾದ ಎರಡು ಲಾರಿಗಳು ಹಾರನ್ ಹೊಡೆದಂತಾಯಿತು. ಅದರ ಜೊತೆಗೆ ಅರಿಶಿನ ಸಂದಿಗಿಳಿದು ಒತ್ತಿದ ಮನೆಗಳು ಮೇಲೇಳದೆ ಕೂತುಬಿಟ್ಟವು. ಗಾಳಿ ಹಾಕಿದರೆ ಸಾಕು, ಎಲ್ಲವೂ ಒಟ್ಟಿಗೆ ಅರಚುತ್ತಿದ್ದವು. ಮುಚ್ಚಳ ಹಾಕಿಬಿಟ್ಟೆವು.

ಅತ್ತೆ ನನ್ನನ್ನು ಬೈಯಲಿಲ್ಲ. "ವೀಕ್ಷಕಳು," ಎಂದರು, ಅಷ್ಟೇ.

ಸಂಜೆ ಒಂದು ಧರ್ಮಶಾಲೆಯ ಹಜಾರ. ವ್ಯಾಪಾರಿಯ ಅಳಿಯ ಚೆನ್ನಾಗಿ ಜನ ಸೇರಿಸಿದ್ದರು. ಕನ್ನಡದವರು ಒಂದಿಷ್ಟು, ತಮಿಳರು, ತೆಲುಗರು, ಅಕ್ಕಪಕ್ಕದ ನೇಪಾಳಿಗಳು. ಎಲ್ಲರೂ ಜಮಖಾನೆಯ ಮೇಲೆ ಕೂತಿದ್ದರು, ಮುಖ ನಮ್ಮ ಕಡೆ ಮಾಡಿಕೊಂಡು. ದೊಡ್ಡಮ್ಮ ಅದನ್ನು ನೋಡಿ ಸೆರಗು ಸರಿಮಾಡಿಕೊಂಡಳು. ಆಮೇಲೆ ನನ್ನ ಕಡೆ ತಿರುಗಿ ಒಡಕು ದನಿಯಲ್ಲಿ ಹೇಳಿದಳು. "ಶ್ರುತಿ ಇಲ್ದೆ ನಂಗೆ ಕಾಲಿಡಾಕೇ ನೆಲ ಇಲ್ದಂಗೆ ಆಕೈತೆ. ಏನಾರ ಮಾತಾಡ್ತಾ ಇರು. ಸುಧಾರಿಸ್ಕಂತೀನಿ."

ಮಾತಾಡು ಎಂದು ಜೀವನದಲ್ಲಿ ಮೊದಲ ಸಲ ನನಗೆ ಹೇಳಿದ್ದಳು. ಮೈಕಿನ ಮುಂದೆ ನಿಂತೆ. ಅಧ್ಯಕ್ಷರಿರಲಿಲ್ಲ, ಆದರೂ ಮಾನ್ಯ ಅಧ್ಯಕ್ಷರೇ ಎಂದೆ. ಕನ್ನಡದಲ್ಲಿ ಶುರುಮಾಡಿ, ಹಿಂದಿಗೆ ಹೊರಳಿ, ನಡುವೆ ಇಂಗ್ಲಿಷಿನಲ್ಲಿ ಎರಡು ವಾಕ್ಯ ಹಾಕಿ, ಪ್ರಶ್ನಿಸುವ ಮನಸ್ಸಿನ ಮಹತ್ವದ ಬಗ್ಗೆ ಒಂದೇ ಉಸಿರಿನಲ್ಲಿ ಸಾಗಿದೆ. ಸ್ಪರ್ಧೆಯಲ್ಲಿ ಎಚ್ಚರಿಕೆಯ ಗಂಟೆ ಬೀಳುವವರೆಗೆ ಉಸಿರು ತೆಗೆದುಕೊಳ್ಳಬಾರದು, ದನಿ ಕುಗ್ಗಬಾರದು ಎಂಬುದು ನಮ್ಮ ಮೇಷ್ಟ್ರು ಕಲಿಸಿದ ಮೊದಲ ಪಾಠ. ಮುಂದಿನ ಸಾಲಿನ ಮಗುವೊಂದು ಆಕಳಿಸಿತು. ಅಷ್ಟರಲ್ಲಿ ನನ್ನ ಬೆನ್ನಹಿಂದೆ ಏನೋ ಕೇಳಿಸಿತು. ದೊಡ್ಡಮ್ಮ, ಮೆಲ್ಲಗೆ, ಮೂಗಿನಲ್ಲೇ, ನನ್ನ ದನಿಯನ್ನು ಹಿಡಿದುಕೊಂಡು ಗುನುಗುತ್ತಿದ್ದಳು.

ಸೀರೆಯ ನೆರಿಗೆ ಹಿಡಿದು ಎಳೆದಳು. "ಮಾತು ನಿಲ್ಸು. ದನಿ ನಿಲ್ಲಿಸ್ಬ್ಯಾಡ."

"ಅಂದ್ರೆ?"

"ಕುಂದ್ರು. ಅದೇ ಮನೆ ಹಿಡಿ. ಏರಬ್ಯಾಡ, ಇಳಿಬ್ಯಾಡ. ಅದೊಂದೇ ಅಲ್ಲೇನು ನಿಂಗೆ ಬರೋದು?"

"ನಾನು ಓಂ ಅನ್ನಲ್ಲ, ಮೊದಲೇ ಹೇಳಿದ್ದೆ."

"ನಿನ್ನ ಓಂ ಯಾರಿಗ್ ಬೇಕು? ಆ ಅನ್ನು. ಡಾಕ್ಟರ್ ಮುಂದೆ ಬಾಯಿ ತೆಗಿಯಂಗಿಲ್ಲೇನು, ಹಂಗೆ."

ಡಾಕ್ಟರ ಹೆಸರು ಬಂದದ್ದರಿಂದ ಇದು ವೈಜ್ಞಾನಿಕ ಮನೋಭಾವಕ್ಕೆ ವಿರುದ್ಧವಲ್ಲವೆಂದು ತೀರ್ಮಾನಿಸಿ ಕೂತೆ. ಆ ಎಂದೆ. ಉಸಿರು ಮುಗಿದಾಗ ಕದ್ದು ಉಸಿರೆಳೆದು ಮತ್ತೆ ಆ ಎಂದೆ. ಚರ್ಚಾಸ್ಪರ್ಧೆಯಲ್ಲಿ ಎದುರಾಳಿಗೆ ನುಸುಳಲು ಸಂದು ಕೊಡದೆ ಉಸಿರೆಳೆಯುವ ಉಪಾಯ ಗೊತ್ತಿದ್ದುದು ಇಲ್ಲಿ ಕೆಲಸಕ್ಕೆ ಬಂತು.

ಅದರ ಮೇಲೆ ದೊಡ್ಡಮ್ಮ ಸೊಲ್ಲು ಎತ್ತಿದಳು. ಆ ದನಿ ನಾನು ಸೋಮವಾರ ಕೇಳುತ್ತಿದ್ದುದಲ್ಲ. ಕೆಳಗೆ, ನಿಧಾನಕ್ಕೆ, ಕತ್ತಲಲ್ಲಿ ಗೋಡೆ ಸವರುತ್ತಾ ನಡೆಯುವವರಂತೆ ಬಂತು. ಮಂಡಳಿ ಹಿಡಿಯಿತು. ಹಜಾರದಲ್ಲಿ ಮಾತು ನಿಂತಿತು. ಒಂದು ಹಾಡು ಮುಗಿಯಿತು, ಇನ್ನೊಂದು ಮುಗಿಯಿತು, ಯಾರೂ ಏಳಲಿಲ್ಲ. ನನಗೆ ದವಡೆ ನೋಯುತ್ತಿತ್ತು. ಹೇಳಿಕೊಳ್ಳುವಂತಿರಲಿಲ್ಲ.

ಮೂರನೆಯ ಹಾಡಿನ ನಡುವೆ ನ್ಯಾಮತಿಯ ವ್ಯಾಪಾರಿ ಎದ್ದರು. ಅವರದು ಕೆಟ್ಟ ಮನಸ್ಸಲ್ಲ. ಆದರೆ ಹೆಂಗಸರ ಭಜನೆ ಕಿವಿಗೆ ಬಿದ್ದರೆ ಅವರ ಕೈಕಾಲು ತಾವಾಗಿಯೇ ಪಂಕ್ತಿಯ ಏರ್ಪಾಟಿಗೆ ಹೊರಡುತ್ತವೆ, ಅಷ್ಟು ವರ್ಷದ ಅಭ್ಯಾಸ. ಅಡುಗೆಯವರಿಗೆ ಸನ್ನೆ ಮಾಡಿದರು. ಒಬ್ಬ ಒಣ ಎಲೆ ಹೊಲಿದು ಮಾಡಿದ ಊಟದ ಇಸ್ತ್ರಿ ಎಲೆಯ ಕಟ್ಟು ಹಿಡಿದು ಬಾಗಿಲಲ್ಲಿ ಕಾಣಿಸಿಕೊಂಡ. ಹಿಂದಿನ ಸಾಲಿನ ಇಬ್ಬರು ಕಾಲು ಮಡಿಚಿ ಜಾಗ ಮಾಡಿಕೊಟ್ಟರು. ಮೊದಲ ಎಲೆ ನೆಲಕ್ಕೆ ಬಿತ್ತು.

ನನಗೆ ಎಲ್ಲವೂ ಕಾಣುತ್ತಿತ್ತು. ಹಿತ್ತಲಿನಲ್ಲಿ ದೊಡ್ಡಮ್ಮ ಹೇಳಿದ ಮಾತು ನೆನಪಾಯಿತು. ಆಕ್ಷೇಪಣೆ ಎತ್ತುವುದೊಂದೇ ನನಗೆ ಬರುವ ವಿದ್ಯೆ, ಜೀವಮಾನದಲ್ಲಿ ಒಮ್ಮೆ ಅದರ ಅಗತ್ಯ ಬಿದ್ದಿತ್ತು, ಆದರೆ ನನ್ನ ಬಾಯಲ್ಲಿ 'ಆ' ಇತ್ತು. ನಿಲ್ಲಿಸಿದರೆ ಅವಳ ಕಾಲ ಕೆಳಗಿನ ನೆಲ ಹೋಗುತ್ತದೆ. ಮುಂದುವರಿಸಿದರೆ ಎಲೆ ಬೀಳುತ್ತದೆ. ಪಕ್ಕದಲ್ಲಿ ಮಂಗಳಾರತಿಯ ಗಂಟೆ ಇತ್ತು. ಎಚ್ಚರಿಕೆಯ ಗಂಟೆಯಂತೆ ಒಮ್ಮೆ ಬಾರಿಸಲೇ ಎಂದು ಕೈ ಹೋಯಿತು. ಬಾರಿಸಿದರೆ ಮಂಡಳಿ ಆ ಕ್ಷಣವೇ ಎದ್ದು ನಿಂತು ಮಂಗಳ ಹಾಡಿ ಮುಗಿಸಿಬಿಡುತ್ತದೆ ಎಂಬುದು ಹೊಳೆದು ಕೈ ಹಿಂದೆ ತೆಗೆದೆ. ಕಣ್ಣಲ್ಲೇ ವಾದಿಸಿದೆ. ವ್ಯಾಪಾರಿ ನನ್ನ ಕಣ್ಣು ನೋಡಿ, ಹುಡುಗಿಗೆ ಭಕ್ತಿ ಉಕ್ಕಿದೆ ಎಂದು ತಿಳಿದು ಕೈ ಮುಗಿದರು.

ದೊಡ್ಡಮ್ಮ ಕಣ್ಣು ತೆರೆದಳು. ಎರಡನೆಯ ಎಲೆ ಬೀಳುವುದನ್ನು ನೋಡಿದಳು. ಹಾಡು ನಿಲ್ಲಿಸಲಿಲ್ಲ. ಸಾಲು ಮುಗಿದ ಕಡೆ ತಾಳಕ್ಕೆ ಸರಿಯಾಗಿ, ಅದೇ ರಾಗದಲ್ಲಿ, ಅದೇ ದಪ್ಪ ದನಿಯಲ್ಲಿ ಹೇಳಿದಳು:

"ಎಲೆ ಆಮೇಲೆ ಹಾಕ್ರಿ..."

ಮಂಡಳಿ ಕಣ್ಣು ಮುಚ್ಚಿತ್ತು. "ಎಲೆ ಆಮೇಲೆ ಹಾಕ್ರಿ, ಎಲೆ ಆಮೇಲೆ ಹಾಕ್ರಿ" ಎಂದು ತುಂಬು ದನಿಯಲ್ಲಿ ಹಿಡಿಯಿತು. ದೊಡ್ಡಮ್ಮ ಬಿಡಲಿಲ್ಲ. ಸ್ವಲ್ಪ ಮೇಲಕ್ಕೆ ಹೋಗಿ, "ಪಲ್ಯ ಓಡಿ ಹೋಗಲ್ಲ, ಕುಂದ್ರಿ." ಪಲ್ಯ ಓಡಿ ಹೋಗುವುದಿಲ್ಲವೆಂದು ಎರಡು ಸಲ ಹಾಡಾಯಿತು. ಕನ್ನಡದವರು ನಕ್ಕು, ಮಡಿಚಿದ ಕಾಲು ಚಾಚಿ ಮತ್ತೆ ಕೂತರು. ಎಲೆ ಹಿಡಿದವನಿಗೆ ಭಾಷೆ ಬರುತ್ತಿರಲಿಲ್ಲ, ಆದರೆ ಇಷ್ಟು ಜನ ತನ್ನ ಕಡೆಯೇ ನೋಡುತ್ತಿರುವುದು ಗೊತ್ತಾಗಿ ಕಟ್ಟನ್ನು ಬೆನ್ನ ಹಿಂದೆ ಹಿಡಿದುಕೊಂಡು ಗೋಡೆಗೆ ಆತು ನಿಂತ. ಮುಂದಿನ ಸಾಲಿನ ನೇಪಾಳಿ ಅಜ್ಜನೊಬ್ಬ ಟೋಪಿ ಸರಿಮಾಡಿಕೊಂಡು, ಎರಡೂ ಕೈ ಜೋಡಿಸಿ, ಪಲ್ಯದ ಸಾಲಿಗೆ ತಲೆದೂಗಿದ. ಅವನ ಕಣ್ಣಲ್ಲಿ ನೀರಿತ್ತು.

ಅರ್ಥ ತಿಳಿಯದೆ ಭಕ್ತಿ ಹುಟ್ಟುತ್ತದೆ ಎಂಬ ನನ್ನ ವಾದಕ್ಕೆ ಇದಕ್ಕಿಂತ ದೊಡ್ಡ ಸಾಕ್ಷಿ ಬೇಕೇ? ಕಣ್ಣ ಮುಂದೆಯೇ ಕೂತಿತ್ತು. ತೋರಿಸಿ ಹೇಳಲು ಬಾಯಿಗೆ ಬಿಡುವಿರಲಿಲ್ಲ. ನನ್ನ ಕಣ್ಣಲ್ಲೂ ನೀರು ಬಂದಿದ್ದರೆ ಅದಕ್ಕೆ ಕಾರಣ ಅಷ್ಟು ಹೊತ್ತು ಬಾಯಿ ತೆರೆದು ಕೂತದ್ದು.

ಮಂಗಳ ಆದ ಮೇಲೆಯೇ ಎಲೆ ಬಿತ್ತು. ದೊಡ್ಡಮ್ಮ ಪಂಕ್ತಿಯಲ್ಲಿ ಕೂತು, ಎಲೆಗೆ ನೀರು ಚಿಮುಕಿಸಿ, ಪಲ್ಯದ ಒಂದು ತುತ್ತು ಬಾಯಿಗಿಟ್ಟಳು. ಆಮೇಲೆ "ಪಲ್ಯಕ್ಕೆ ಉಪ್ಪು ಕಮ್ಮಿ ಆಗೈತೆ" ಎಂದಳು. ಉಪ್ಪೊಂದು ಬಿಟ್ಟು ಅವಳಿಗೆ ಅವತ್ತು ಬೇರೇನೂ ಕಮ್ಮಿಯಾಗಿರಲಿಲ್ಲವೆಂದು ಇದರಿಂದ ನನಗೆ ತಿಳಿಯಿತು.

ಊರಿಗೆ ಬಂದ ಮೇಲೆ ನ್ಯಾಮತಿಯಲ್ಲಿ ಆ ವ್ಯಾಪಾರಿಯ ತಮ್ಮನ ಮಗಳ ಮದುವೆ. ರಿಪೇರಿಯಾದ ಹಾರ್ಮೋನಿಯಂ ಬಂದಿತ್ತು. ಕೆಲವು ಮನೆಗಳು ಇನ್ನೂ ಹಳದಿಯಾಗಿಯೇ ಇದ್ದವು, ಅತ್ತೆ ಬಂದವರಿಗೆಲ್ಲ ತೋರಿಸಿ ನನ್ನ ಹೆಸರು ಹೇಳುತ್ತಿದ್ದರು. ದೊಡ್ಡಮ್ಮನ ದನಿ ಹಳೆಯ ಎತ್ತರಕ್ಕೆ ಮರಳಿತ್ತು, ಹಾಗಾಗಿ ನಾನು ಹಿಂದಿನ ಸಾಲಿಗೆ ಮರಳಿದ್ದೆ. ಎಂದಿನಂತೆ ಭಾಷಣ ಮುಗಿದು, ಬಾಳೆ ಎಲೆಯ ಹೊರೆ ಒಳಗೆ ಬರುವ ಹೊತ್ತಿಗೆ ಮೈಕು ನಮ್ಮ ಕೈಗೆ ಬಂತು. ಜನ ಎದ್ದರು. ದೊಡ್ಡಮ್ಮ ಎಲೆಯ ಹೊರೆಯನ್ನು ನೋಡಿದಳು, ಸೆರಗು ಸರಿಮಾಡಿಕೊಂಡಳು, ಶಿವನ ಸ್ತುತಿಗೂ ಮುಂಚೆ ಮೊದಲ ಸೊಲ್ಲಾಗಿ ಕಠ್ಮಂಡುವಿನ ಆ ಸಾಲನ್ನೇ ಎತ್ತಿದಳು. ಮಂಡಳಿ ಎರಡು ಸಲ ಹಿಡಿಯಿತು.

ಎದ್ದವರು ಎದ್ದಲ್ಲೇ ನಿಂತರು. ಗಂಡಸರ ಮಂಡಳಿಯ ಹಿರಿಯರೊಬ್ಬರು "ಇದ್ಯಾವ ಪದಾರೀ?" ಎಂದು ಕೇಳಿದರು. ನ್ಯಾಮತಿಯ ವ್ಯಾಪಾರಿ ಮುಂದೆ ಬಂದು ಎರಡೂ ಕೈ ಚಾಚಿ ಜನರನ್ನು ಕೂರಿಸತೊಡಗಿದರು.

"ಪರದೇಶದ ಪದ ಐತ್ರೀ ಇದು. ಅಲ್ಲಿ ಜನ ಕೈ ಮುಗುದು ಕೇಳ್ಯಾರೆ. ಕುಂತ್ಕಳ್ರಿ, ಕುಂತ್ಕಂಡು ಕೇಳ್ರಿ!"

ಜನ ಕೂತರು. ನಾನು ಬಾಯಿ ತೆರೆದೆ. ಆ ಪದ ಪರದೇಶದ್ದಲ್ಲ ಎಂಬುದಕ್ಕೂ, ಆ ಪರದೇಶವೇ ಪರದೇಶವಲ್ಲ ಎಂಬುದಕ್ಕೂ ನನ್ನ ಹತ್ತಿರ ಬೇಕಾದಷ್ಟು ಅಂಶಗಳಿದ್ದವು.

ಅತ್ತೆ ಹಾರ್ಮೋನಿಯಂನಿಂದ ಕತ್ತೆತ್ತದೆ, "ತುಟಿ ಅಷ್ಟೇ," ಎಂದರು.